ಡಬ್ಬಿಯ ಮೇಲೆ 24, ಒಳಗೆ 12: ಪಾಮಿಟೊಯಿಲೇಷನ್ ಕಿಟ್ ಜೊತೆ ನಾಲ್ಕು ತಿಂಗಳು

ಪ್ರೋಟೀನಿಗೆ ಪಾಮಿಟೇಟ್ ಅನ್ನುವ ಕೊಬ್ಬಿನಾಮ್ಲ ಅಂಟಿದೆಯೇ ಅಂತ ನೋಡುವ ಕಿಟ್ ಇದು. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಇಂಡೆಂಟ್ ಹಾಕುವಾಗ ನನಗೆ ಯಾರೂ ಹೇಳಿರಲಿಲ್ಲ. ಡಬ್ಬಿಯ ಮೇಲೆ "24 ರಿಯಾಕ್ಷನ್" ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಜಿಎಸ್‌ಟಿ ಸೇರಿ ನಮ್ಮ ಲ್ಯಾಬ್ ತೆತ್ತದ್ದು 61,000 ರೂಪಾಯಿಗೆ ಸ್ವಲ್ಪ ಕಮ್ಮಿ. ಈ ಪ್ರಯೋಗದಲ್ಲಿ ಪ್ರತಿ ಸ್ಯಾಂಪಲ್ಲನ್ನೂ ಎರಡು ಪಾಲು ಮಾಡಲೇಬೇಕು. ಒಂದು ಪಾಲಿಗೆ ಅಂಟಿದ ಕೊಬ್ಬನ್ನು ಬಿಡಿಸುವ ಹೈಡ್ರಾಕ್ಸಿಲಮೀನ್ ಹಾಕುತ್ತೇವೆ, ಇನ್ನೊಂದಕ್ಕೆ ಹಾಕುವುದಿಲ್ಲ. ಹಾಕದ ಪಾಲು ಪಕ್ಕದಲ್ಲಿ ಇಲ್ಲದಿದ್ದರೆ ಹಾಕಿದ ಪಾಲಿನ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. ಅಲ್ಲಿಗೆ 24 ಅಂದದ್ದು 12 ಆಯಿತು. ಕೊಬ್ಬು ಅಂಟದ ಹಾಗೆ ಬದಲಿಸಿದ ಮ್ಯೂಟೆಂಟ್ ಪ್ರೋಟೀನನ್ನೂ ಜೊತೆಗಿಟ್ಟರೆ ಒಂದು ಸಲಕ್ಕೆ ನಾಲ್ಕು ಟ್ಯೂಬು, ಅಂದರೆ ಒಟ್ಟು ಆರು ಸಲ. ಎರಡು ಸಲ ಎಡವಿದರೆ ಉಳಿಯುವುದು ನಾಲ್ಕು. ನಾನು ಸರಿಯಾಗಿ ಎರಡು ಸಲ ಎಡವಿದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಕಿಟ್ ಕೊಳ್ಳುವ ಮುಂಚೆ ಏನು ನೋಡಿಕೊಳ್ಳಬೇಕು ಅನ್ನುವುದು ನನ್ನ ಮಾತು, ಅದಕ್ಕೆ ಹೆಸರು ಬೇಕಿಲ್ಲ.

ನಾನು ಸಿದ್ದಾಪುರದ ಕಡೆಯವಳು, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿದ್ದೇನೆ. ನನ್ನ ಪಾಲಿಗೆ ಬಂದಿರುವ ಪ್ರೋಟೀನ್ ಎನ್-ರಾಸ್. ಹೊರಗಿನಿಂದ "ಬೆಳೆ" ಅನ್ನುವ ಸೂಚನೆ ಬಂದಾಗ ಅದನ್ನು ಜೀವಕೋಶದ ಒಳಗೆ ದಾಟಿಸುವ ರಾಸ್ ಕುಟುಂಬದ್ದು. ಕೆಟ್ಟರೆ ಕ್ಯಾನ್ಸರಿಗೆ ದಾರಿ. ಈ ಪ್ರೋಟೀನಿನ ಮೈಯೆಲ್ಲ ನೀರಿಗೆ ಒಗ್ಗಿದ್ದು, ಆದರೆ ಕೆಲಸವಿರುವುದು ಎಣ್ಣೆಯಂಥ ಕೋಶಪೊರೆಯ ಒಳಮೈಯಲ್ಲಿ. ಅಲ್ಲಿ ಕೂರಬೇಕಾದರೆ ಬಾಲಕ್ಕೆ ಎಣ್ಣೆಯ ಗುಣದ್ದೇನಾದರೂ ಅಂಟಿರಬೇಕು. ಎನ್-ರಾಸ್‌ಗೆ ಅಂಥವು ಎರಡಿವೆ. 186ನೇ ಸ್ಥಾನದ ಸಿಸ್ಟೀನಿಗೆ (ಗಂಧಕವಿರುವ ಅಮೈನೋ ಆಮ್ಲ) ಫಾರ್ನೆಸಿಲ್, ಇದು ಒಮ್ಮೆ ಅಂಟಿದರೆ ಮುಗಿಯಿತು, ಬಿಡುವುದಿಲ್ಲ. 181ನೇ ಸಿಸ್ಟೀನಿಗೆ ಪಾಮಿಟೇಟ್, 16 ಇಂಗಾಲದ ಕೊಬ್ಬಿನಾಮ್ಲ, ತಾಳೆ ಎಣ್ಣೆಯಲ್ಲಿ ಹೇರಳವಾಗಿರುವುದೇ ಇದು. ಫಾರ್ನೆಸಿಲ್ ಒಂದೇ ಇದ್ದರೆ ಪ್ರೋಟೀನ್ ಒಂದು ಪೊರೆಗೆ ಅಂಟಿ, ಬಿಟ್ಟು, ಇನ್ನೊಂದಕ್ಕೆ ಅಂಟಿ, ಹೀಗೆ ಕೋಶದ ತುಂಬ ಅಲೆಯುತ್ತದೆ. ಪ್ರೋಟೀನ್‌ಗಳನ್ನು ರವಾನಿಸುವ ಕೋಶಭಾಗವಾದ ಗಾಲ್ಜಿಯಲ್ಲಿ ಪಾಮಿಟೇಟ್ ಅಂಟಿತೋ, ಪೊರೆ ಬಿಡುವುದು ಕಷ್ಟ, ಕೋಶದ ಅಂಚಿಗೆ ರವಾನೆಯಾಗುತ್ತದೆ. ಅಲ್ಲಿಯೂ ಶಾಶ್ವತವಲ್ಲ. ಬೇರೆ ಕಿಣ್ವಗಳು ಬಂದು ಪಾಮಿಟೇಟನ್ನು ಬಿಚ್ಚಿ ಹಾಕುತ್ತವೆ, ಪ್ರೋಟೀನ್ ಮತ್ತೆ ಗಾಲ್ಜಿಗೆ ಬರುತ್ತದೆ. ಎನ್-ರಾಸ್ ಮೇಲೆ ಒಂದು ಪಾಮಿಟೇಟ್ ನಿಲ್ಲುವ ಅವಧಿ ಹೆಚ್ಚುಕಮ್ಮಿ 20 ನಿಮಿಷ. ಈ ಸುತ್ತಾಟವನ್ನು 2005ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿಕೊಟ್ಟಿದ್ದಾರೆ.

ನಾವೂ ನೋಡಿದ್ದೆವು. ಹಸಿರಾಗಿ ಹೊಳೆಯುವ ಜಿಎಫ್‌ಪಿ ಜೋಡಿಸಿದ ಎನ್-ರಾಸ್ ಹಾಕಿದರೆ ಕೋಶದ ಅಂಚು ಕೈಬಳೆಯ ಹಾಗೆ ಮಿಂಚುತ್ತದೆ, ನ್ಯೂಕ್ಲಿಯಸ್ ಪಕ್ಕದಲ್ಲಿ ಗಾಲ್ಜಿಯ ಒಂದು ಚುಕ್ಕೆ. 181ನೇ ಸಿಸ್ಟೀನನ್ನು ಸೀರೀನ್ ಮಾಡಿದ ಮ್ಯೂಟೆಂಟ್‌ನಲ್ಲಿ ಬಳೆ ಇರುವುದಿಲ್ಲ, ಒಳಗೆಲ್ಲ ಮಂಜು ಕವಿದ ಹಾಗೆ ಹಸಿರು. ಸೆಮಿನಾರಿನಲ್ಲಿ ಈ ಚಿತ್ರ ತೋರಿಸಿ ಹೆಮ್ಮೆಯಿಂದ ನಿಂತಿದ್ದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸುತ್ತ, "ಚಿತ್ರ ಚೆನ್ನಾಗಿದೆ ಕಣಮ್ಮ. ಕೊಬ್ಬು ಅಂಟಿದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿ?" ಅಂದರು. ಜಾಗ ಬದಲಾದದ್ದಕ್ಕೆ ನನ್ನ ಬಳಿ ಸಾಕ್ಷಿ ಇತ್ತು, ಅಂಟಿದ್ದಕ್ಕೆ ಇರಲಿಲ್ಲ. ಮಾರನೇ ದಿನವೇ ಈ ಕಿಟ್‌ಗೆ ಕೊಟೇಷನ್ ತರಿಸಿದ್ದು.

ಕಿಟ್‌ನ ಉಪಾಯ ಮಾತ್ರ ಬಲು ಚಂದ. ಸರ್ಕಾರಿ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರಿಗೆ ಬೇಗ ಅರ್ಥವಾಗುತ್ತದೆ. ಪ್ರೋಟೀನಿನ ಸಿಸ್ಟೀನ್‌ಗಳೇ ಸೀಟುಗಳು. ಕೆಲವು ಖಾಲಿ, ಕೆಲವುಗಳಲ್ಲಿ ಪಾಮಿಟೇಟ್ ಕೂತಿದೆ. ಮೊದಲು ಖಾಲಿ ಸೀಟುಗಳಿಗೆಲ್ಲ ಟವೆಲ್ ಹಾಕಬೇಕು. ಆ ಟವೆಲ್ಲೇ ಎನ್-ಇಥೈಲ್ ಮೇಲಿಮೈಡ್, ಲ್ಯಾಬಿನ ಬಾಯಲ್ಲಿ ಎನ್‌ಇಎಂ. ಆಮೇಲೆ ಹೈಡ್ರಾಕ್ಸಿಲಮೀನ್ ಬಂದು ಕೂತವರನ್ನು ಎಬ್ಬಿಸುತ್ತದೆ. ಪಾಮಿಟೇಟ್ ಗಂಧಕಕ್ಕೆ ಅಂಟಿರುವುದು ಥಯೋಎಸ್ಟರ್ ಕೊಂಡಿಯಿಂದ, ತಟಸ್ಥ ಪಿಎಚ್‌ನಲ್ಲಿ ಹೈಡ್ರಾಕ್ಸಿಲಮೀನ್ ಅದನ್ನು ಕತ್ತರಿಸುತ್ತದೆ. ಈಗಷ್ಟೇ ಖಾಲಿಯಾದ ಸೀಟಿಗೆ ಬಯೋಟಿನ್ ಗುರುತು ಹೊತ್ತ ರಾಸಾಯನಿಕ, ಬಯೋಟಿನ್-ಎಚ್‌ಪಿಡಿಪಿ, ಕೂರುತ್ತದೆ. ಸ್ಟ್ರೆಪ್ಟಾವಿಡಿನ್ ಬೀಡ್ಸ್ ಅನ್ನುವ ಸಣ್ಣ ಮಣಿಗಳು ಬಯೋಟಿನ್ ಇದ್ದವರನ್ನಷ್ಟೇ ಹಿಡಿದುಕೊಳ್ಳುತ್ತವೆ. ಕೊನೆಗೆ ಮರ್‌ಕ್ಯಾಪ್ಟೋಎಥನಾಲ್ ಹಾಕಿ ಬಿಡಿಸಿ, ಜೆಲ್ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸಿ, ಬ್ಲಾಟ್ ಮಾಡಿದರೆ, ಅಂದರೆ ಮೆಂಬ್ರೇನಿಗಿಳಿಸಿ ಆಂಟಿಬಾಡಿಯಿಂದ ಹುಡುಕಿದರೆ, ಪಟ್ಟಿ ಬಂದ ಪ್ರೋಟೀನಿಗೆ ಕೊಬ್ಬು ಅಂಟಿತ್ತು ಅಂತ ಲೆಕ್ಕ. ನಮ್ಮ ಮೇಡಂ ತಮ್ಮ ಕಾಲದಲ್ಲಿ ವಿಕಿರಣ ಹೊಮ್ಮಿಸುವ ಟ್ರಿಟಿಯಂ ಪಾಮಿಟೇಟ್ ಬಳಸುತ್ತಿದ್ದರಂತೆ. ಜೆಲ್ಲನ್ನು ಫಿಲಂ ಜೊತೆ ಮೈನಸ್ ಎಂಬತ್ತರಲ್ಲಿಟ್ಟು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕಿತ್ತಂತೆ. "ನೀವೆಲ್ಲ ಪುಣ್ಯವಂತರು, ಎರಡು ದಿನದಲ್ಲಿ ಗೊತ್ತಾಗುತ್ತೆ" ಅಂದರು. ನನಗೆ ಗೊತ್ತಾಗಲು ಏಳು ವಾರ ಹಿಡಿಯಿತು.

ಮೊದಲ ಸಲ ಎಲ್ಲ ನಾಲ್ಕು ಸಾಲಿನಲ್ಲೂ ಪಟ್ಟಿ. ಹೈಡ್ರಾಕ್ಸಿಲಮೀನ್ ಹಾಕಿದ್ದರಲ್ಲೂ ಬಂತು, ಹಾಕದ್ದರಲ್ಲೂ ಬಂತು, ಮ್ಯೂಟೆಂಟ್‌ನಲ್ಲೂ ಬಂತು. ಖಾಲಿ ಸೀಟಿಗೆ ಟವೆಲ್ಲೇ ಬಿದ್ದಿರಲಿಲ್ಲ ಅಂತ ಅರ್ಥ. ಕಿಟ್‌ನ ಎನ್‌ಇಎಂ ಪುಡಿಯಾಗಿ ಬರುತ್ತದೆ, ಮ್ಯಾನುಯಲ್ ಪ್ರಕಾರ ಅದನ್ನು ಬಫರ್‌ನಲ್ಲಿ (ನೀರಿನ ದ್ರಾವಣದಲ್ಲಿ) ಕದಡಿ ಫ್ರೀಜರಿನಲ್ಲಿಟ್ಟು ಬೇಕಾದಾಗ ಬಳಸಬೇಕು. ನಾನೂ ಹಾಗೇ ಮಾಡಿ ಎರಡು ವಾರದ ನಂತರ ತೆಗೆದೆ. ಎನ್‌ಇಎಂ ನೀರಿನಲ್ಲಿ ತಾನಾಗಿಯೇ ಮುರಿದು ನಿಷ್ಕ್ರಿಯವಾಗುತ್ತಾ ಹೋಗುತ್ತದೆ. ಎಥನಾಲ್‌ನಲ್ಲಿ ಕರಗಿಸಿ ಅಂದೇ ಬಳಸಬೇಕು ಅಂತ ರಸಾಯನಶಾಸ್ತ್ರ ಓದಿದ ಯಾರಾದರೂ ಹೇಳಿಯಾರು. ಅರವತ್ತು ಸಾವಿರದ ಕಿಟ್‌ನ ಮ್ಯಾನುಯಲ್ ಬರೆದವರಿಗೆ ಅದನ್ನು ಹೇಳಲು ಆಗಲಿಲ್ಲವೇ?

ಎರಡನೇ ಸಲ ಎನ್‌ಇಎಂ ಹೊಸದು, ರಾತ್ರಿಯಿಡೀ ನಾಲ್ಕು ಡಿಗ್ರಿಯಲ್ಲಿ ತಿರುಗಿಸಿದೆ. ಈ ಸಲ ಎಲ್ಲಿಯೂ ಪಟ್ಟಿ ಇಲ್ಲ. ಖಾಲಿ ಬ್ಲಾಟ್ ನೋಡಿದಾಗ ಆಗುವ ಸಂಕಟ ಬೇರೆಯದೇ ತರ. ಮೊದಲ ಸಲ ಏನೋ ತಪ್ಪಿತ್ತು, ಈಗ ಏನೂ ಇಲ್ಲ! ಆ ರಾತ್ರಿ ಊರಿಂದ ಆಯಿಯ ಫೋನು. ನನ್ನ ಕೆಲಸ ಅವಳಿಗೆ ಅರ್ಥವಾಗದಿದ್ದರೂ ಕೇಳುವ ಪ್ರಶ್ನೆ ಸರಿಯಾಗಿರುತ್ತದೆ: "ಪಟ್ಟಿ ಬಂತನೇ ಕೂಸೇ?" ಬಂದಿಲ್ಲ ಅಂದೆ.

ತಪ್ಪು ಇದ್ದದ್ದು ತೊಳೆಯುವುದರಲ್ಲಿ. ಟವೆಲ್ ಹಾಕಿ ಮುಗಿದ ಮೇಲೆ ಮಿಕ್ಕ ಎನ್‌ಇಎಂ ಅನ್ನು ಪೂರ್ತಿ ತೆಗೆಯಬೇಕು. ಉಳಿದರೆ, ಪಾಮಿಟೇಟ್ ಎದ್ದ ಸೀಟಿಗೂ ಅದೇ ಹೋಗಿ ಕೂರುತ್ತದೆ, ಬಯೋಟಿನ್‌ಗೆ ಜಾಗವೇ ಸಿಗುವುದಿಲ್ಲ. ಮ್ಯಾನುಯಲ್ಲಿನಲ್ಲಿ ಕ್ಲೋರೋಫಾರ್ಮ್-ಮೆಥನಾಲ್‌ನಿಂದ ಒಂದು ಸಲ ಪ್ರೋಟೀನ್ ಇಳಿಸಿ ಅಂತಿದೆ. ಈ ವಿಧಾನ ರೂಢಿಯಲ್ಲಿರುವ ಲ್ಯಾಬ್‌ಗಳಲ್ಲಿ ಮೂರು ಸಲ ಇಳಿಸುತ್ತಾರೆ. ಸಮಯ ಉಳಿಸುವ ಕಿಟ್ ಅಂತ ಕರೆಸಿಕೊಳ್ಳಬೇಕಲ್ಲ, ಎರಡನ್ನು ಕತ್ತರಿಸಿರಬೇಕು.

ಈ ಇಳಿಸುವ ಹಂತದ ಬಗ್ಗೆ ಸ್ವಲ್ಪ ಹೇಳಬೇಕು, ಹೊಸಬರು ಸೋಲುವುದು ಇಲ್ಲೇ. ಲೈಸೇಟ್‌ಗೆ, ಅಂದರೆ ಕೋಶ ಒಡೆದು ತೆಗೆದ ರಸಕ್ಕೆ, ಮೆಥನಾಲ್, ಕ್ಲೋರೋಫಾರ್ಮ್, ನೀರು ಹಾಕಿ ಕಲಕಿ ಸೆಂಟ್ರಿಫ್ಯೂಜ್ ಮಾಡಿದರೆ ಎರಡು ಪದರವಾಗುತ್ತದೆ, ನಡುವೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಬಿಳೀ ಬಿಲ್ಲೆ ನಿಲ್ಲುತ್ತದೆ. ಆ ಬಿಲ್ಲೆಯೇ ನಿಮ್ಮ ಪ್ರೋಟೀನು. ಮೇಲಿನ ನೀರನ್ನು ಪಿಪೆಟ್‌ನಲ್ಲಿ ತೆಗೆಯುವಾಗ ಕೈ ಒಂಚೂರು ನಡುಗಿದರೂ ಬಿಲ್ಲೆ ಟಿಪ್ ಒಳಗೆ. ತೆಗೆದ ಮೇಲೆ ಮತ್ತೆ ಮೆಥನಾಲ್ ಹಾಕಿ ತಳಕ್ಕಿಳಿಸಿ ಒಣಗಿಸಬೇಕು. ಜಾಸ್ತಿ ಒಣಗಿದರೆ ಹಪ್ಪಳವಾಗುತ್ತದೆ, ಯಾವುದಕ್ಕೂ ಕರಗುವುದಿಲ್ಲ. ಅಂಚು ಇನ್ನೂ ತುಸು ಒದ್ದೆ ಇರುವಾಗಲೇ 4% ಎಸ್‌ಡಿಎಸ್ (ಸಾಬೂನಿನಂಥದ್ದು) ಇರುವ ಬಫರ್ ಹಾಕಿ 37 ಡಿಗ್ರಿಯಲ್ಲಿಡಬೇಕು. ಮ್ಯಾನುಯಲ್ಲಿನಲ್ಲಿ ಇದಕ್ಕೆ ಒಂದೇ ಸಾಲು: "ಪೆಲೆಟ್ ಒಣಗಿಸಿ, ಕರಗಿಸಿ." ಕ್ಲೋರೋಫಾರ್ಮ್, ಮೆಥನಾಲ್ ಕಿಟ್‌ನಲ್ಲಿ ಬರುವುದಿಲ್ಲ, ಅದಿರಲಿ, ವಿಮಾನದಲ್ಲಿ ಕಳಿಸುವುದು ಕಷ್ಟ, ಒಪ್ಪುತ್ತೇನೆ. ಕೆಲಸ ಫ್ಯೂಮ್ ಹುಡ್ಡಿನೊಳಗೇ ಮಾಡಿ.

ಇನ್ನೊಂದು ಕೊರತೆ. ಪಾಮಿಟೇಟ್ ಬಿಚ್ಚುವ ಕಿಣ್ವಗಳು ಕೋಶ ಒಡೆದ ಮೇಲೂ ಬದುಕಿರುತ್ತವೆ. ನನ್ನ ಪ್ರೋಟೀನಿನ ಮೇಲೆ ಪಾಮಿಟೇಟ್ ಇಪ್ಪತ್ತೇ ನಿಮಿಷದ ಅತಿಥಿ. ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಈ ಕಿಣ್ವಗಳನ್ನು ತಡೆಯುವಂಥದ್ದೇನಾದರೂ ಸೇರಿಸಿ ಅಂತ ಕಿಟ್ ಎಲ್ಲಿಯೂ ಹೇಳುವುದಿಲ್ಲ. ಪ್ಲೇಟ್‌ಗಳನ್ನು ಹೊತ್ತುಕೊಂಡು ಲಿಫ್ಟ್‌ಗೆ ಕಾಯುತ್ತ ನಿಲ್ಲುವ ಬದಲು ನಾನು ಸೆಲ್ ಕಲ್ಚರ್ ರೂಮಿನಲ್ಲೇ ಐಸ್ ಬಕೆಟ್ ಇಟ್ಟುಕೊಂಡು ಅಲ್ಲೇ ಒಡೆಯತೊಡಗಿದೆ. ಲೈಸಿಸ್ ಬಫರ್‌ಗೆ ಮೊದಲೇ ಎನ್‌ಇಎಂ ಸೇರಿಸಿದೆ.

ಮೂರನೇ ಸಲ ಪಟ್ಟಿ ಬಂತು. ಹೈಡ್ರಾಕ್ಸಿಲಮೀನ್ ಹಾಕಿದ ಸಾಲಿನಲ್ಲಿ ಜಿಎಫ್‌ಪಿ ಸಮೇತ ಎನ್-ರಾಸ್ ದಪ್ಪಗೆ, ಹಾಕದ್ದರಲ್ಲಿ ಏನಿಲ್ಲ. ಮ್ಯೂಟೆಂಟ್‌ನಲ್ಲಿ ಎರಡೂ ಕಡೆ ಖಾಲಿ. ಅದೇ ಮೆಂಬ್ರೇನಿನ ಮೇಲೆ ಕ್ಯಾಲ್‌ನೆಕ್ಸಿನ್ ಅನ್ನುವ ಇನ್ನೊಂದು ಪ್ರೋಟೀನಿಗೂ ಬ್ಲಾಟ್ ಮಾಡಿದ್ದೆ. ಕ್ಯಾಲ್‌ನೆಕ್ಸಿನ್‌ಗೆ ಪಾಮಿಟೇಟ್ ಅಂಟುವುದು ಗೊತ್ತಿರುವ ವಿಷಯ, ಹಾಗಾಗಿ ಅದು ಬಂದರೆ ನಿಮ್ಮ ಪ್ರಯೋಗ ನಡೆದಿದೆ ಅಂತ ಖಾತ್ರಿ. ಈ ಆಂಟಿಬಾಡಿಯ ಒಂದು ಹನಿಯನ್ನಾದರೂ ಕಿಟ್‌ನಲ್ಲಿಡಬಹುದಿತ್ತು, ಇಟ್ಟಿಲ್ಲ. ಪಕ್ಕದ ಲ್ಯಾಬಿನಿಂದ ಕಾಡಿ ತಂದೆ.

ಈಗ ಡಬ್ಬಿಯ ಮೇಲಿನ ಹೆಸರಿನ ಬಗ್ಗೆ. ದೊಡ್ಡದಾಗಿ "ಪಾಮಿಟೊಯಿಲೇಷನ್" ಅಂತಿದೆ. ಕಿಟ್ ನೋಡುವುದು ಮುರಿದ ಥಯೋಎಸ್ಟರನ್ನು, ಎದ್ದುಹೋದವರು ಯಾರು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಪಾಮಿಟೇಟ್ ಇರಬಹುದು, 18 ಇಂಗಾಲದ ಸ್ಟಿಯರೇಟ್ ಇರಬಹುದು. ಇನ್‌ಫ್ಲುಯೆಂಜಾ ವೈರಸ್ಸಿನ ಹೀಮಗ್ಲುಟಿನಿನ್ ಪ್ರೋಟೀನಿನಲ್ಲಿ ಒಂದು ಸಿಸ್ಟೀನ್ ಸ್ಟಿಯರೇಟನ್ನೇ ಹೆಚ್ಚಾಗಿ ಹೊತ್ತಿರುತ್ತದೆ, ಉಳಿದವು ಪಾಮಿಟೇಟ್. ಈ ಕಿಟ್‌ಗೆ ಎರಡೂ ಒಂದೇ. ಅಷ್ಟೇ ಅಲ್ಲ, ಯುಬಿಕ್ವಿಟಿನ್ ಅನ್ನುವ ಸಣ್ಣ ಪ್ರೋಟೀನನ್ನು ಸಾಗಿಸುವ ಕಿಣ್ವಗಳಂತೆ ತಮ್ಮ ಕೆಲಸದ ನಡುವೆ ಥಯೋಎಸ್ಟರ್ ಮಾಡಿಕೊಳ್ಳುವ ಪ್ರೋಟೀನ್‌ಗಳೂ ಬೀಡ್ಸ್‌ಗೆ ಸಿಕ್ಕಿಬೀಳುತ್ತವೆ, ಅವುಗಳ ಮೇಲೆ ಕೊಬ್ಬಿನ ಲವಲೇಶವೂ ಇರುವುದಿಲ್ಲ. "ಎಸ್-ಅಸೈಲೇಷನ್" (ಗಂಧಕಕ್ಕೆ ಯಾವುದೋ ಒಂದು ಆಮ್ಲ ಅಂಟಿರುವುದು) ಅಂತ ಬರೆದಿದ್ದರೆ ಸತ್ಯಕ್ಕೆ ಹತ್ತಿರವಾಗುತ್ತಿತ್ತು, ಮಾರಾಟ ಸ್ವಲ್ಪ ಕಮ್ಮಿಯಾಗುತ್ತಿತ್ತೇನೋ.

ಹಾಗಾದರೆ ಇದು ಹಿಡಿಯದ ಕೊಬ್ಬು ಯಾವುದು? ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ತನ್ನ ಸಾರ್ಕ್ ಪ್ರೋಟೀನಿನ ಸ್ಯಾಂಪಲ್ ಹಿಡಿದು ಬಂದ. "ಅಕ್ಕಾ, ಇದಕ್ಕೂ ಕೊಬ್ಬು ಅಂಟಿರುತ್ತಂತೆ, ಎರಡು ಟ್ಯೂಬ್ ಕೊಡ್ತೀರಾ?" ಅಂದ. ಸಾರ್ಕ್‌ಗೆ ಅಂಟುವುದು ಮಿರಿಸ್ಟೇಟ್, 14 ಇಂಗಾಲದ್ದು. ಪ್ರೋಟೀನ್ ಇನ್ನೂ ತಯಾರಾಗುತ್ತಿರುವಾಗಲೇ ತುದಿಯ ಮೆಥಿಯೋನೀನ್ ಕತ್ತರಿಸಿಹೋಗಿ ಗ್ಲೈಸೀನ್ ಹೊರಗೆ ಬರುತ್ತದೆ, ಎನ್‌ಎಂಟಿ ಅನ್ನುವ ಕಿಣ್ವ ಅದಕ್ಕೆ ಮಿರಿಸ್ಟೇಟ್ ಹಚ್ಚುತ್ತದೆ. ಆ ಕೊಂಡಿ ಅಮೈಡ್, ಹೈಡ್ರಾಕ್ಸಿಲಮೀನ್‌ಗೆ ಜಗ್ಗುವುದಿಲ್ಲ. ಕೊಡುವ ಮೊದಲೇ ಬರುವುದಿಲ್ಲ ಅಂದಿದ್ದೆ. ಆದರೂ ಪಕ್ಕದಲ್ಲಿ ಫಿನ್ ಇಟ್ಟು ಮಾಡು ಅಂದೆ. ಫಿನ್ ಸಾರ್ಕ್‌ನ ದಾಯಾದಿ, ಅದಕ್ಕೂ ತುದಿಯಲ್ಲಿ ಮಿರಿಸ್ಟೇಟ್ ಇದೆ, ಜೊತೆಗೆ ಮೂರನೇ ಮತ್ತು ಆರನೇ ಸ್ಥಾನದ ಸಿಸ್ಟೀನಿಗೆ ಪಾಮಿಟೇಟ್ ಕೂಡ. ಫಿನ್ ಬಂತು, ಸಾರ್ಕ್ ಬರಲಿಲ್ಲ. ಹುಡುಗ ಬ್ಲಾಟ್ ಹಿಡಿದುಕೊಂಡು ಲ್ಯಾಬೆಲ್ಲ ತಿರುಗಿದ. ಈ ಕಿಟ್‌ನಲ್ಲಿ ನಾಲ್ಕು ಟ್ಯೂಬಿನ ಖರ್ಚಿಗೆ ನನಗೆ ಖುಷಿಕೊಟ್ಟ ಪ್ರಯೋಗ ಅದೊಂದೇ.

ಮಿರಿಸ್ಟೇಟ್ ಒಂದೇ ಇದ್ದರೆ ಪ್ರೋಟೀನ್ ಪೊರೆಗೆ ಗಟ್ಟಿಯಾಗಿ ನಿಲ್ಲುವುದಿಲ್ಲ ಅನ್ನುವುದನ್ನು ಅವನಿಗೆ ನಮ್ಮೂರಿನ ಕೊನೆಗೌಡರನ್ನು ನೆನೆಸಿಕೊಂಡು ಹೇಳಿದೆ. ಅಡಿಕೆ ಮರ ಹತ್ತುವವರು ಕಾಲಿಗೆ ತಳೆ ಹಾಕಿಕೊಂಡರಷ್ಟೇ ಸಾಲದು, ಕೈಯಲ್ಲಿ ಮರ ಅಪ್ಪಿರಬೇಕು. ಫಿನ್‌ಗೆ ಆ ಎರಡನೇ ಹಿಡಿತ ಪಾಮಿಟೇಟ್. ಸಾರ್ಕ್‌ಗೆ ಅದಿಲ್ಲ, ಅದು ಧನ ವಿದ್ಯುದಂಶದ ಅಮೈನೋ ಆಮ್ಲಗಳಿಂದ ಪೊರೆಯ ಋಣ ವಿದ್ಯುದಂಶವನ್ನು ಹಿಡಿದುಕೊಳ್ಳುತ್ತದೆ. ಗ್ಲೈಸೀನನ್ನೇ ಬದಲಿಸಿ ಮಿರಿಸ್ಟೇಟ್ ಅಂಟದ ಹಾಗೆ ಮಾಡಿದರೆ ಕ್ಯಾನ್ಸರ್ ತರುವ ಸಾರ್ಕ್ ಕೂಡ, ಕಿಣ್ವದ ಶಕ್ತಿ ಇದ್ದೂ, ಕೋಶವನ್ನು ಕೆಡಿಸಲಾರದು. ಅಂದಹಾಗೆ ಮಿರಿಸ್ಟಿಕ್ ಆಮ್ಲಕ್ಕೆ ಹೆಸರು ಬಂದದ್ದು ಜಾಯಿಕಾಯಿಯಿಂದ, ಮಿರಿಸ್ಟಿಕಾ ಕುಲದ ಮರ. ಅದರ ಕಾಡಿನ ನೆಂಟರು ನಮ್ಮ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಬೇರುಗಳನ್ನು ನೀರಿನಿಂದ ಮೇಲಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ನಿಂತಿವೆ. ಶಾಲೆಯಿಂದ ಕರೆದುಕೊಂಡು ಹೋದಾಗ ಆ ಬೇರಿನ ಮೇಲೆ ಕೂತು ಅವಲಕ್ಕಿ ತಿಂದಿದ್ದೆ.

ಸೇವೆಯ ವಿಷಯ. ಎರಡನೇ ಸೋಲಿನ ಬಳಿಕ ಕಂಪನಿಗೆ ಇಮೇಲ್ ಮಾಡಿದೆ, ಬ್ಲಾಟ್‌ಗಳ ಚಿತ್ರ ಸಮೇತ. ಒಂಬತ್ತು ದಿನದ ಮೇಲೆ ಉತ್ತರ ಬಂತು, ಮ್ಯಾನುಯಲ್ಲಿನ ಆರನೇ ಪುಟದ ಸ್ಕ್ಯಾನ್! ಆ ಪುಟವನ್ನು ನಾನು ಗೋಡೆಗೆ ಅಂಟಿಸಿಕೊಂಡಿದ್ದೆ. ಇಲ್ಲಿನ ಡೀಲರ್ ಕಡೆಯ ಹುಡುಗ ಮಾತ್ರ ಒಳ್ಳೆಯವನು. ಡ್ರೈ ಐಸ್ ಆವಿಯಾಗಿ ಡಬ್ಬಿ ಬೆಚ್ಚಗೆ ಬಂದಿದೆ ಅಂತ ಮೊದಲ ಸಲ ಫೋನ್ ಮಾಡಿದಾಗ, "ಮೇಡಂ, ನೀವು ಸಹಿ ಹಾಕ್ಬೇಡಿ, ನಾನೇ ಬರ್ತೀನಿ" ಅಂದವನು ಮಳೆಯಲ್ಲಿ ಬೈಕಿನಲ್ಲಿ ಬಂದು ವಾಪಸ್ ತೆಗೆದುಕೊಂಡು ಹೋದ. ಬದಲಿ ಡಬ್ಬಿ ಹನ್ನೊಂದು ದಿನದಲ್ಲಿ ಸಿಕ್ಕಿತು. ಡಬ್ಬಿ ಕೈಗೆ ಬಂದ ಕೂಡಲೇ ತೆರೆದು ನೋಡಿ, ಆಮೇಲೆ ಸಹಿ ಹಾಕಿ.

ಹೊಗಳಬೇಕಾದದ್ದೂ ಇದೆ. ಬೀಡ್ಸ್ ಉತ್ತಮ ದರ್ಜೆಯದು, ಸುಮ್ಮಸುಮ್ಮನೆ ಎಲ್ಲವನ್ನೂ ಅಂಟಿಸಿಕೊಳ್ಳುವುದಿಲ್ಲ. ನನ್ನ ಖಾಲಿ ಸಾಲುಗಳು ಅಷ್ಟು ಸ್ವಚ್ಛವಾಗಿ ಬಂದದ್ದರಲ್ಲಿ ಅದರ ಪಾಲೂ ಇದೆ. ಬಯೋಟಿನ್-ಎಚ್‌ಪಿಡಿಪಿಯನ್ನು ಒಂದೊಂದು ಸಲಕ್ಕಾಗುವಷ್ಟು ಸಣ್ಣ ಟ್ಯೂಬುಗಳಲ್ಲಿ ಹಂಚಿಟ್ಟಿದ್ದಾರೆ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸುವ ರಗಳೆಯಿಲ್ಲ. ಹೈಡ್ರಾಕ್ಸಿಲಮೀನ್ ಮಾತ್ರ ದ್ರಾವಣವಾಗಿ ಬರುತ್ತದೆ, ನಾನು ಪಿಎಚ್ ಪಟ್ಟಿ ಅದ್ದಿ ನೋಡಿದಾಗ ಆರಕ್ಕಿಂತ ಕೆಳಗಿತ್ತು. ಮೂರನೇ ಸಲದಿಂದ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ಪುಡಿಯಿಂದ ಅಂದಂದೇ ಮಾಡಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7.4ಕ್ಕೆ ತಂದುಕೊಂಡೆ. ಜಾಸ್ತಿ ಏರಿಸಬೇಡಿ, ತೀರಾ ಕ್ಷಾರವಾದರೆ ಆಮ್ಲಜನಕದ ಎಸ್ಟರ್‌ಗಳನ್ನೂ ಮುರಿಯುತ್ತದೆ.

ಐದನೇ ಸಲಕ್ಕೆ ಎನ್‌ಇಎಂ, ಹೈಡ್ರಾಕ್ಸಿಲಮೀನ್, ಬಫರ್ ಎಲ್ಲ ನಮ್ಮ ಶೆಲ್ಫಿನದ್ದು. ಕಿಟ್‌ನಿಂದ ಬಯೋಟಿನ್ ಮತ್ತು ಬೀಡ್ಸ್ ಮಾತ್ರ. ಪಟ್ಟಿ ಮೂರನೇ, ನಾಲ್ಕನೇ ಸಲದಂತೆಯೇ ಬಂತು. ಬಯೋಟಿನ್-ಎಚ್‌ಪಿಡಿಪಿ ಬಿಡಿಯಾಗಿ ಕೊಂಡರೂ ತುಟ್ಟಿಯೇ, ಮಿಕ್ಕಿದ್ದೆಲ್ಲ ಪ್ರತಿ ಲ್ಯಾಬಿನಲ್ಲಿ ಧೂಳು ತಿನ್ನುತ್ತ ಕೂತಿರುವ ಸಾಮಾನು. ನಿಮಗೆ ಅಂಟಿದೆಯೋ ಇಲ್ಲವೋ ಅಷ್ಟೇ ಬೇಕಿದ್ದರೆ ಈ ವಿಧಾನ ಸಾಕು. ಎಷ್ಟು ಪಾಲು ಅಂಟಿದೆ, ಎಷ್ಟು ಕಡೆ ಅಂಟಿದೆ ಅಂತ ಕೇಳುವವರು ಬಯೋಟಿನ್ ಜಾಗದಲ್ಲಿ ಪೆಗ್-ಮೇಲಿಮೈಡ್ ಹಾಕುವ ವಿಧಾನಕ್ಕೆ ಹೋಗಿ. ಪ್ರತಿ ಪಾಮಿಟೇಟ್ ಜಾಗದಲ್ಲಿ ಭಾರದ ಪೆಗ್ ಕೂತು ಜೆಲ್‌ನಲ್ಲಿ ಪಟ್ಟಿ ಒಂದು ಮೆಟ್ಟಿಲು ಮೇಲೇರುತ್ತದೆ. ಒಂದೇ ಸೀಟಿನ ಎನ್-ರಾಸ್‌ಗೆ ಒಂದು ಮೆಟ್ಟಿಲು, 181 ಮತ್ತು 184 ಎರಡರಲ್ಲೂ ಪಾಮಿಟೇಟ್ ಇರುವ ಎಚ್-ರಾಸ್‌ಗೆ ಎರಡು. ಬೀಡ್ಸೂ ಬೇಡ. ನನ್ನ ಎನ್-ರಾಸ್‌ನ ಮೆಟ್ಟಿಲು ಬ್ಲಾಟ್ ಈಗ ಪ್ರಬಂಧದ ಮೂರನೇ ಅಧ್ಯಾಯದಲ್ಲಿದೆ, ಕಿಟ್‌ನ ಬ್ಲಾಟ್ ಅನುಬಂಧಕ್ಕೆ ಹೋಗಿದೆ.

ಐದಕ್ಕೆ ಎರಡೂವರೆ ಕೊಡುತ್ತೇನೆ. ಅರ್ಧ ಅಂಕ ಆ ಬೈಕಿನ ಹುಡುಗನದ್ದು. ದುಡ್ಡಿದ್ದು, ಲ್ಯಾಬಿನಲ್ಲಿ ಯಾರೂ ಈ ಪ್ರಯೋಗ ಮಾಡಿರದಿದ್ದರೆ ಒಂದು ಸಲ ಕೊಳ್ಳಿ, ಎರಡನೆಯದಕ್ಕೆ ಇಂಡೆಂಟ್ ಹಾಕಬೇಡಿ. ಮೊನ್ನೆ ಮತ್ತೆ ಸಮಿತಿಯ ಮುಂದೆ ನಿಂತಿದ್ದೆ. ಅದೇ ಹಿರಿಯರು ಬ್ಲಾಟನ್ನು ತುಂಬ ಹೊತ್ತು ನೋಡಿ, "ಸರಿ, ಅಂಟಿದೆ. ಯಾವ ಕಿಣ್ವ ಅಂಟಿಸಿತು?" ಅಂದರು. ಮನುಷ್ಯರಲ್ಲಿ ಪಾಮಿಟೇಟ್ ಅಂಟಿಸುವ ಈ ಬಗೆಯ ಕಿಣ್ವಗಳು 23 ಇವೆ.